ಮಾರಿದ ಪೇಟಿ, ಕೊಂಡ ಪೇಟಿ: ಲಕ್ಷ್ಮೇಶ್ವರ ಸೀಮೆಯ ಒಂದು ಪ್ರಕರಣ

ಹುಬ್ಬಳ್ಳಿಯಲ್ಲಿ ಪೇಟಿ ರಿಪೇರಿ ಮಾಡುತ್ತ ನನಗೆ ಇಪ್ಪತ್ತಾರು ವರ್ಷವಾಯಿತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೆಸರು, ಬಾರಿಸುವವರಿಗೆ ಪೇಟಿ ಮಾಸ್ತರ ಅಂತ. "ಇದನ್ನ ತಗೊಂಡು ತಪ್ಪು ಮಾಡಿದೆ ನೋಡ್ರಿ" ಎನ್ನುವವರು ತಿಂಗಳಿಗೆ ಒಬ್ಬರಾದರೂ ನನ್ನ ಅಂಗಡಿಯ ಚಾಪೆಯ ಮೇಲೆ ಕೂತು ಹೋಗುತ್ತಾರೆ. ಬಹಳ ಮಂದಿಯದು ಹೊಸ ಚಪ್ಪಲಿ ಕಚ್ಚಿದಂಥ ಬೇಸರ, ನಾಲ್ಕು ದಿನಕ್ಕೆ ಕಾಲು ಒಗ್ಗುತ್ತದೆ. ಈ ಪ್ರಕರಣ ಹಾಗಾಗಲಿಲ್ಲ. ಇದರಲ್ಲಿ ನನ್ನ ಕೈಯೂ ಇದೆ, ಅದಕ್ಕೇ ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಮಾಸ್ತರರು ಬರೆಯಲು ಒಪ್ಪಿದರು, ಹೆಸರು ಮತ್ತು ಊರು ಬೇಡ ಅಂದರು.

ಅವರಿಗೆ ಈಗ 52 ವರ್ಷ. ಲಕ್ಷ್ಮೇಶ್ವರ ಸೀಮೆಯ ಹಳ್ಳಿಯೊಂದರಲ್ಲಿ ನಾಲ್ಕು ಎಕರೆ ಎರೆಹೊಲ, ಮುಂಗಾರಿಗೆ ಹೆಸರು, ಆಮೇಲೆ ಮೆಣಸಿನಕಾಯಿ. ಸಂಜೆ ಎಂಟು ಹುಡುಗರಿಗೆ ಪಾಠ. ಶ್ರಾವಣದಲ್ಲಿ ಮಠಗಳ ಪುರಾಣ, ಉಳಿದಂತೆ ಭಜನೆ, ಸಪ್ತಾಹ. ವರ್ಷಕ್ಕೆ ನಾಲ್ಕಾರು ಸಲ ಹುಬ್ಬಳ್ಳಿ ಧಾರವಾಡದ ಸಣ್ಣ ಬೈಠಕ್‌ಗಳಲ್ಲಿ ಖ್ಯಾಲ್ ಹಾಡುವವರಿಗೆ ಸಾಥ್, ಅಂದರೆ ಜೊತೆಗೆ ಕೂತು ಬಾರಿಸುವುದು. ಈ ಕೊನೆಯದರಿಂದ ಬರುವ ಹಣ ಕಡಿಮೆ, ಆದರೆ ಅವರ ಜೀವ ಇರುವುದು ಅಲ್ಲೇ.

ಅವರ ಹಳೆಯ ಪೇಟಿ ಸೋದರಮಾವನದು. ಮಾವ ನಾಟಕ ಕಂಪನಿಯ ಪೇಟಿ ಮಾಸ್ತರರಾಗಿ ಊರೂರು ತಿರುಗಿದವರು. ಡಬಲ್ ರೀಡಿನ ಸಾದಾ ಪೇಟಿ. ರೀಡು ಅಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆಯ ನಾಲಿಗೆ. ಒಂದು ಸಾಲು ಬಾಸ್, ಅಂದರೆ ತಗ್ಗಿನ ಸ್ವರ, ಒಂದು ಸಾಲು ಮೇಲ್, ಅಂದರೆ ಅದಕ್ಕಿಂತ ಎತ್ತರದ್ದು, ಎರಡೂ ಜರ್ಮನ್ ರೀಡು. ತೂಕ ಒಂಬತ್ತು ಕಿಲೋ ಹತ್ತಿರ. ಬಲಗಡೆಯ ಫಳಿಯ ಮೇಲೆ ರೂಪಾಯಿ ನಾಣ್ಯದಷ್ಟು ಸುಟ್ಟ ಕಲೆ, ಯಾವುದೋ ಊರಿನ ರಂಗದ ಮೇಲೆ ದೀಪ ಉರುಳಿದ್ದು. ಈ ಕಲೆ ಮುಂದೆ ಮತ್ತೆ ಬರುತ್ತದೆ.

ಆ ಪೇಟಿಯ ಒಂದು ಗುಣವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣ ಅದರ ಮೇಲೆ ನಿಂತಿದೆ. ಮಾವ ಹಾಡುತ್ತಿದ್ದುದು ಕಾಳಿ 1ಕ್ಕೆ, ಅಂದರೆ ಮೊದಲ ಕಪ್ಪು ಮನೆಯೇ ಅವರ ಷಡ್ಜ, ಆಧಾರದ ಸ. ಬೆರಳಿನಿಂದ ಒತ್ತುವ ಪಟ್ಟಿಗೆ ಮನೆ ಅನ್ನುತ್ತೇವೆ. ಇಂದಿನ ಪೇಟಿಗಳಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ, ಪಕ್ಕಪಕ್ಕದ ಮನೆಗಳ ನಡುವೆ 100 ಸೆಂಟ್ ಅಂತರ ಇಡುತ್ತಾರೆ, ಸೆಂಟ್ ಅಂದರೆ ಸ್ವರದ ಎತ್ತರ ಅಳೆಯುವ ಮಾಪು. ತಂಬೂರಿಯ ತಂತಿಯಿಂದ ತಾನಾಗಿ ಏಳುವ ಗಾಂಧಾರ ಈ ಸಮಪಾಲಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ ಇರುತ್ತದೆ. ಷಡ್ಜ, ಗಾಂಧಾರಕ್ಕೆ ಹೊಂದುವ ಶುದ್ಧ ಧೈವತ ಸುಮಾರು 16 ಸೆಂಟ್ ಕೆಳಗೆ. ಕೇಳುವವರಿಗೆ ಇದು ಕೂದಲೆಳೆ. ತಂಬೂರಿಯ ಮುಂದೆ ಕೂತು ಬೆಳೆದ ಕಿವಿಗೆ ಬೆಲ್ಲ ಮತ್ತು ಹುಣಸೆಯಷ್ಟು ಬೇರೆ. ಮಾವ ತಮ್ಮ ಪೇಟಿಯ ಗಾಂಧಾರ, ಧೈವತದ ರೀಡುಗಳನ್ನು ಬುಡದಲ್ಲಿ ಹದವಾಗಿ ಕೆರೆದು ತಂಬೂರಿಗೆ ಇಳಿಸಿಕೊಂಡಿದ್ದರು. ಹಿತ್ತಾಳೆಯ ನಾಲಿಗೆಯನ್ನು ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ.

ಈ ಜಗಳ ಹಳೆಯದು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಅದಕ್ಕೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ, ಅದರ ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ ಎನ್ನುವುದೇ ವಿರೋಧಿಗಳ ವಾದ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಲೂ ಪೇಟಿಗೆ ಒಳಗೆ ಜಾಗವಿರಲಿಲ್ಲ. ಮಾವನಂಥವರು ಯಾರ ಜೊತೆಗೂ ವಾದಕ್ಕೆ ಹೋಗಲಿಲ್ಲ, ಸಣ್ಣ ಅರ ಹಿಡಿದು ತಮ್ಮ ಪೇಟಿಯ ಗಾಂಧಾರವನ್ನು ಸರಿ ಮಾಡಿಕೊಂಡರು. ಅವರ ಮೇಲೆ ನನಗೆ ಬಹಳ ಗೌರವವಿದೆ.

ಆದರೆ ಹೀಗೆ ಮಾಡಿದ ಪೇಟಿ ಒಂದೇ ಷಡ್ಜಕ್ಕೆ ಕಟ್ಟುಬಿದ್ದಿರುತ್ತದೆ. ಕಾಳಿ 1ಕ್ಕೆ ಸಿಹಿಯಾದದ್ದು ಬೇರೆ ಷಡ್ಜಕ್ಕೆ ಕೆಡುತ್ತದೆ. ಹಳ್ಳಿಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅಲ್ಲಿ ಹಾಡುವವರೇ ಪೇಟಿಗೆ ಹೊಂದಿಕೊಳ್ಳುತ್ತಾರೆ. ಮಾಸ್ತರ ಸ್ವರ ಕೊಟ್ಟರೆ ಭಜನೆಯವರು ಅದನ್ನೇ ಹಿಡಿದು ಶುರು ಮಾಡುತ್ತಾರೆ. ಮೂವತ್ತು ವರ್ಷ ನಮ್ಮ ಮಾಸ್ತರರು ಹೆಚ್ಚುಕಡಿಮೆ ಕಾಳಿ 1ರಲ್ಲೇ ಬಾರಿಸಿದರು.

ಕಾಳಿ 5ರ ಸಂಜೆ

ಎರಡು ವರ್ಷದ ಹಿಂದಿನ ಜನವರಿ, ಧಾರವಾಡದಲ್ಲಿ ಒಂದು ಮನೆಯ ಬೈಠಕ್. ಹೊರಗಿನಿಂದ ಬಂದ ಗಾಯಕಿ. ಬರಬೇಕಾಗಿದ್ದ ಪೇಟಿಯವರಿಗೆ ಜ್ವರ, ಮಧ್ಯಾಹ್ನ ಮಾಸ್ತರರಿಗೆ ಫೋನು. ಇವರು ಬಸ್ ಹತ್ತಿ ಸಂಜೆ ಐದಕ್ಕೆ ಮುಟ್ಟಿದರು. ಗಾಯಕಿ ಕಾಳಿ 5 ಅಂದರು, ರಾಗ ಮಾರವಾ.

ಮಾರವಾದಲ್ಲಿ ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ಇಲ್ಲ. ಕಾಳಿ 1ರಲ್ಲಿ ಇದನ್ನು ಬಾರಿಸಿದರೆ ಷಡ್ಜ ಕಪ್ಪು ಮನೆ, ಧೈವತವೂ ಕಪ್ಪು ಮನೆ, ಉಳಿದವು ಬಿಳಿ. ಮಾಸ್ತರರ ಬೆರಳು ಧೈವತದ ಆ ಎತ್ತರದ ಕಪ್ಪನ್ನು ಸವರಿ ದಾರಿ ಗುರುತಿಸುತ್ತಿತ್ತು. ಕಾಳಿ 5ಕ್ಕೆ ಹೋದರೆ ಷಡ್ಜವೊಂದೇ ಕಪ್ಪು, ಉಳಿದ ಐದೂ ಬಿಳಿ. ನೋಡಿದರೆ ಸುಲಭ, ಆದರೆ ಕಣ್ಣು ಗಾಯಕಿಯ ಮೇಲಿದ್ದಾಗ ಬೆರಳಿಗೆ ಗುರುತೇ ಸಿಗದ ಬಯಲು. ತಾನ್, ಅಂದರೆ ವೇಗದ ಸ್ವರಗಳ ಓಟ, ಶುರುವಾದಾಗ ಮಾಸ್ತರರು ಎರಡು ಸಲ ದಾರಿ ತಪ್ಪಿದರು, ಮೂರನೆಯ ಸಲ ಬರೀ ಷಡ್ಜ ಹಿಡಿದು ಕೂತರು. ಗಾಯಕಿ ಏನೂ ಅನ್ನಲಿಲ್ಲ. ಕೈಯನ್ನು ಸ್ವಲ್ಪವೇ ಕೆಳಗೆ ಮಾಡಿ, ಪೇಟಿ ಸಣ್ಣಗಿರಲಿ ಎಂದು ತೋರಿಸಿದರು. ಹೇಳುವಾಗ ಮಾಸ್ತರರು ಅದೇ ಕೈಸನ್ನೆ ಮಾಡಿ ತೋರಿಸಿದರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಸಂಜೆ ಇನ್ನೊಂದೂ ನಡೆದಿತ್ತು. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ, ಮಾಸ್ತರರೂ ಕೊಡಲಿಲ್ಲ. "ಷಡ್ಜ ಒತ್ತಿದ ಕೂಡಲೇ ತಂಬೂರಿ ಜೋಡಿ ಜಗಳಾಡಾಕ ಹತ್ತಿತ್ರಿ, ಅಲೆ ಅಲೆ ಬರತಿತ್ತು" ಎಂದು ಅವರು ನನಗೆ ಹೇಳಿದ್ದು ಒಂದು ವರ್ಷದ ನಂತರ. ಕಾಳಿ 1ರ ಶುದ್ಧ ಧೈವತ ಯಾವ ಮನೆ ಅಂದರೆ ಕಾಳಿ 5. ಮಾವ 16 ಸೆಂಟ್ ಇಳಿಸಿಟ್ಟಿದ್ದ ರೀಡು ಅದೇ. ಗಾಯಕಿಯ ಎಲೆಕ್ಟ್ರಾನಿಕ್ ತಂಬೂರಿ ಕಾಳಿ 5ರ ಪೂರ್ತಿ ಎತ್ತರದಲ್ಲಿತ್ತು. ಬೆರಳು ತಪ್ಪುವ ಮೊದಲೇ, ಮೊದಲ ಸ್ವರದಲ್ಲೇ ಪೇಟಿ ತಪ್ಪಿತ್ತು.

ಹೀಗೆ ತೊಂದರೆ ಎರಡಿದ್ದವು. ಒಂದು ಬೆರಳಿನದು, ಸಾಧನೆಯಿಂದ ಹೋಗುವಂಥದ್ದು. ಇನ್ನೊಂದು ರೀಡಿನದು, ಅದಕ್ಕೆ ಬೇರೆ ಉಪಾಯ ಬೇಕು. ಮಾಸ್ತರರ ಮನಸ್ಸಿನಲ್ಲಿ ಎರಡೂ ಒಂದೇ ಅವಮಾನವಾಗಿ ಗಂಟುಬಿದ್ದವು. ಆ ರಾತ್ರಿ ತಬಲಾದ ಹುಡುಗ ಸಮಾಧಾನಕ್ಕೆ ಒಂದು ಮಾತು ಹೇಳಿದ: "ಸ್ಕೇಲ್ ಚೇಂಜರ್ ತಗೋರಿ ಮಾಸ್ತರ, ಕೈ ಕಾಳಿ 1ರಾಗ ಇರ್ಲಿ, ಪೇಟಿನ ಕಾಳಿ 5 ಆಗತೈತಿ." ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಸ್ಕೇಲ್ ಚೇಂಜರ್ ಇರುವುದೇ ಅದಕ್ಕೆ. ಮನೆಗಳ ಹಲಗೆಯನ್ನು ಎತ್ತಿ ಎಡಕ್ಕೋ ಬಲಕ್ಕೋ ಜರುಗಿಸಿದರೆ ಅದೇ ಮನೆಯ ಕೆಳಗೆ ಬೇರೆ ರೀಡು ಬರುತ್ತದೆ.

ಒಂದು ಮಧ್ಯಾಹ್ನದ ಖರೀದಿ

ಆ ವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ಅವರ ಮೆಣಸಿನಕಾಯಿಗೆ ಒಳ್ಳೆಯ ದರ ಸಿಕ್ಕಿತ್ತು. ಏಪ್ರಿಲ್‌ನಲ್ಲಿ ಒಂದು ಅಂಗಡಿಗೆ ಹೋದರು. ಎಲ್ಲಿಯದು ಎನ್ನುವುದು ಇಲ್ಲಿ ಮುಖ್ಯವಲ್ಲ, ಅಂಗಡಿಯವರು ಸುಳ್ಳು ಹೇಳಿ ಮಾರಲಿಲ್ಲ. ಟ್ರಿಪಲ್ ರೀಡು, ಹದಿಮೂರು ಸ್ಕೇಲಿನ ಪೇಟಿ, ಬೆಲೆ 68,000. ಮೆಣಸಿನಕಾಯಿಯ ಹಣ 34,000. ಮನೆಯವರು ಮಹಿಳಾ ಸಂಘದಿಂದ ತೆಗೆದ ಸಾಲ 20,000. ಉಳಿದ 14,000ಕ್ಕೆ ಮಾವನ ಪೇಟಿ ಅಂಗಡಿಯಲ್ಲೇ ಉಳಿಯಿತು.

ಪೇಟಿಯನ್ನು ಪರೀಕ್ಷೆ ಮಾಡಿದ್ದು ಹೇಗೆ ಎಂದು ಕೇಳಿದೆ. ಅಂಗಡಿಯ ಹುಡುಗ ಬಾರಿಸಿ ತೋರಿಸಿದ. ಪೇಟಿ ಇದ್ದದ್ದು ಟೇಬಲ್ ಮೇಲೆ, ಮಾಸ್ತರರು ನಿಂತಿದ್ದರು. ಹೊರಗೆ ರಸ್ತೆಯ ಸದ್ದು, ತಂಬೂರಿ ಇಲ್ಲ. ಐದು ಸ್ಕೇಲು ಜರುಗಿಸಿ ತೋರಿಸಿದರು, ಐದರಲ್ಲೂ ಅದೇ ಬೆರಳಿಗೆ ಅದೇ ಹಾಡು ಬಂತು. ಮಾಸ್ತರರ ಕಣ್ಣಲ್ಲಿ ನೀರು ಬಂತಂತೆ. ಮೂರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಆ ಕೈಸನ್ನೆ ಅಲ್ಲಿ ಇಳಿದುಹೋಯಿತು. ಅವರು ತಾವೇ ಕೂತು ಒಂದು ವಿಲಂಬಿತದಷ್ಟು, ನಿಧಾನಗತಿಯ ಹಾಡಿನಷ್ಟು, ಹೊತ್ತು ಬಾರಿಸಿ ನೋಡಲಿಲ್ಲ. ಅವಮಾನ ಮರೆಯಲು ವಾದ್ಯ ಕೊಳ್ಳಲು ಬಂದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅಂಥವರನ್ನು ನಾನು ಬಹಳ ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮೊದಲ ತೊಂದರೆ ತೂಕ. ಹದಿನೇಳು ಕಿಲೋ, ಡಬ್ಬಿ ಬೇರೆ. ಹಳೆಯದನ್ನು ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತಿದ್ದವರು ಈಗ ಊರಿಂದ ಆಟೋ ಮಾಡಬೇಕು. ಕಾರ್ಯಕ್ರಮಕ್ಕೆ ಸಿಗುವ 1,500ರಲ್ಲಿ 300 ಅದಕ್ಕೇ ಹೋಯಿತು. ಮೂರು ಸಾಲು ರೀಡಿಗೆ ಗಾಳಿಯೂ ಹೆಚ್ಚು ಬೇಕು. ಎಡಗೈ ತಿದಿ ಒತ್ತುವುದರಲ್ಲೇ ದಣಿಯುತ್ತಿತ್ತು.

ಎರಡನೆಯದು ಬೆರಳಿಗೆ ಸಿಗುವ ಸ್ಪರ್ಶ. ಸಾದಾ ಪೇಟಿಯಲ್ಲಿ ಮನೆಯೇ ಸನ್ನೆಗೋಲು, ಮುಂದೆ ಒತ್ತಿದರೆ ಹಿಂದಿನ ತುದಿ ಎದ್ದು ಗಾಳಿಯ ತೂತು ತೆರೆಯುತ್ತದೆ. ಅರ್ಧ ಒತ್ತಿದರೆ ಅರ್ಧ ಉಸಿರು. ಗಾಯಕರ ಮೀಂಡ್ ಬೆನ್ನು ಹತ್ತುವಾಗ ಮಾಸ್ತರರು ಮಾಡುತ್ತಿದ್ದ ಮೋಡಿ ಈ ಅರ್ಧ ಉಸಿರಿನಲ್ಲೇ ಇತ್ತು. ಸ್ಕೇಲ್ ಚೇಂಜರ್‌ನಲ್ಲಿ ಮನೆಗಳ ಹಲಗೆ ಬೇರೆ, ತೂತು ಮುಚ್ಚುವ ಕವಾಟ ಬೇರೆ, ನಡುವೆ ಒಂದು ಕಡ್ಡಿ. ಒಳ್ಳೆಯ ಕೆಲಸಗಾರರು ಮಾಡಿದರೂ ಆ ಜೋಡಣೆಯಲ್ಲಿ ಕೂದಲಷ್ಟು ಸಡಿಲ ಉಳಿಯುತ್ತದೆ. ಬೇಗ ಬೇಗ ಬಾರಿಸುವವರಿಗೆ ಅದು ತಿಳಿಯುವುದಿಲ್ಲ. ಇವರಿಗೆ ತಿಳಿಯಿತು.

ಮೂರನೆಯದು ಶ್ರಾವಣ. ಹಾನಗಲ್ ಕಡೆಯ ಮಠವೊಂದರಲ್ಲಿ ಪುರಾಣ, ಹದಿನೈದು ದಿನದ ಜಡಿಮಳೆ. ಕಟ್ಟಿಗೆ ಉಬ್ಬಿತು. ಪದ್ಯಗಳ ನಡುವೆ ಸ್ಕೇಲ್ ಬದಲಿಸಲು ಹಲಗೆ ಎತ್ತಿದರು, ಅದು ಎರಡು ಸ್ಥಾನದ ನಡುವೆ ಸಿಕ್ಕಿಕೊಂಡಿತು. ಕೆಲವು ಮನೆ ಒತ್ತಿದರೆ ಸದ್ದಿಲ್ಲ, ಕೆಲವಕ್ಕೆ ಎರಡೆರಡು ಸ್ವರ ಒಟ್ಟಿಗೆ. ಶಾಸ್ತ್ರಿಗಳು ಪೇಟಿಯಿಲ್ಲದೆ ಮುಂದುವರಿಸಿದರು. ಮಾಸ್ತರರು ತಾಳ ಹಿಡಿದು ಕೂತರು.

ಹುಳಿ ಗಾಂಧಾರ

ಆಗ ನನ್ನಲ್ಲಿಗೆ ಬಂದರು. ಸಿಕ್ಕಿಕೊಂಡ ಹಲಗೆ ಬಿಡಿಸಿ, ಅಂಚು ಕೆರೆದು ಕೊಟ್ಟೆ. ಅದು ಒಂದು ತಾಸಿನ ಕೆಲಸ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಅಂದರು: "ಇನ್ನೊಂದು ಐತ್ರಿ. ಗಾಂಧಾರ ಹುಳಿ ಆಗೇತಿ."

ಸ್ವರದ ಎತ್ತರ ಅಳೆಯುವ ಟ್ಯೂನರ್ ಹಚ್ಚಿ ನೋಡಿದೆ. ಎರಡು ರೀಡು ಸ್ವಲ್ಪ ಏರಿದ್ದವು, ಸರಿ ಮಾಡಿದೆ. ತಿಂಗಳಿಗೆ ಮತ್ತೆ ಬಂದರು, ಗಾಂಧಾರ ಹುಳಿ. ಮತ್ತೆ ನೋಡಿದೆ, ಮುಳ್ಳು ನಟ್ಟನಡುವೆ ನಿಲ್ಲುತ್ತಿತ್ತು. ಮನಸ್ಸಿನ ಭ್ರಮೆ ಎಂದುಕೊಂಡೆ, ಹಾಗೆ ಅಂದುಕೊಂಡದ್ದು ನನ್ನ ತಪ್ಪು. ಮೂರನೆಯ ಸಲ ಬಂದಾಗ ಬುದ್ಧಿ ಬಂತು. ಪೇಟಿ ಮುಚ್ಚಿಟ್ಟು, ತಂಬೂರಿ ಹಚ್ಚಿ, "ಮಾಸ್ತರ, ನೀವೇ ಹಾಡ್ರಿ, ಗಾಂಧಾರದ ಮ್ಯಾಲೆ ನಿಂತುಬಿಡ್ರಿ" ಅಂದೆ. ನಿಂತರು. ಅಂಗಡಿಯೇ ಗುಂಯ್ ಅಂದಿತು. ಅವರು ಹಾಡುತ್ತಿರುವಾಗಲೇ ಪೇಟಿಯ ಗಾಂಧಾರ ಒತ್ತಿದೆ. ಪೇಟಿ ಮೇಲೆ, ಅವರು ಕೆಳಗೆ, ಎರಡರ ನಡುವೆ ಅಲೆ. ಮುಳ್ಳು ತೋರಿಸಿದ್ದೂ ಸರಿ, ಅವರ ಕಿವಿ ಹೇಳಿದ್ದೂ ಸರಿ.

ಸ್ಕೇಲ್ ಚೇಂಜರ್‌ನಲ್ಲಿ ಯಾವ ರೀಡು ಬೇಕಾದರೂ ಷಡ್ಜವಾಗಬಹುದು, ಆದ್ದರಿಂದ ಎಲ್ಲವನ್ನೂ ಸಮಪಾಲಿಗೇ ಇಡಬೇಕು. ಒಂದು ಷಡ್ಜಕ್ಕೆ ಗಾಂಧಾರ ಇಳಿಸಿದರೆ ಹಲಗೆ ಜರುಗಿದ ಕೂಡಲೇ ಆ ರೀಡು ಬೇರೆ ಸ್ವರವಾಗಿ ಕೆಡುತ್ತದೆ. ಎಲ್ಲ ಕಡೆ ಹೋಗುವ ಪೇಟಿ ಬೇಕೆಂದರೆ ಮಾವನ ಗಾಂಧಾರ ಬಿಡಬೇಕು. ಈ ಮಾತನ್ನು ಕೊಳ್ಳುವ ಮೊದಲು ಯಾರೂ ಅವರಿಗೆ ಹೇಳಿರಲಿಲ್ಲ.

ಇದನ್ನು ವಿವರಿಸುತ್ತ, "ನಿಮ್ಮ ಹಳೇ ಪೇಟಿ ಹೆಂಗಿತ್ತರಿ" ಎಂದು ಕೇಳಿದೆ. ಹೇಳಿದರು. ಬಾಸ್ ಮೇಲ್, ಜರ್ಮನ್ ರೀಡು, ಬಲಗಡೆ ಫಳಿಯ ಮೇಲೆ ಸುಟ್ಟ ಕಲೆ.

ನನ್ನ ಕೈ ತಣ್ಣಗಾಯಿತು. ಆ ಪೇಟಿ ಹಿಂದಿನ ಮಳೆಗಾಲದಲ್ಲಿ ನನ್ನ ಅಂಗಡಿಗೇ ಬಂದಿತ್ತು. ಸವಣೂರು ಕಡೆಯ ಭಜನಾ ಮಂಡಳಿಯವರು ಅಂಗಡಿಯಿಂದ ಕೊಂಡು ತಂದಿದ್ದರು. ಅವರ ಹುಡುಗರು ಕೀಬೋರ್ಡ್ ಇಟ್ಟುಕೊಂಡು ಹಾಡುತ್ತಾರೆ, "ಕೀಬೋರ್ಡಿಗೆ ಕೂಡಿಸಿ ಕೊಡ್ರಿ" ಅಂದಿದ್ದರು. ಬಿಚ್ಚಿದಾಗ ಮೂರು ಸಪ್ತಕದಲ್ಲೂ ಗಾಂಧಾರ, ಧೈವತದ ಬುಡದಲ್ಲಿ ಒಂದೇ ಹದದ ಸಣ್ಣ ಗೆರೆಗಳು. ಇದು ತಿಳಿದವರ ಕೈ ಎಂದು ನನಗೆ ಅಲ್ಲೇ ಗೊತ್ತಾಯಿತು. ಐದು ನಿಮಿಷ ಸುಮ್ಮನೆ ನೋಡಿದೆ, ಆಮೇಲೆ ಅರ ತೆಗೆದುಕೊಂಡು ತುದಿಗಳನ್ನು ಕೆರೆದು ಎಲ್ಲವನ್ನೂ ಕೀಬೋರ್ಡಿನ ಎತ್ತರಕ್ಕೆ ಏರಿಸಿದೆ. ಗಿರಾಕಿ ಕೇಳಿದ ಕೆಲಸ, ಮಾಡಿಕೊಟ್ಟೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ. ಯಾರ ಪೇಟಿ ಇದು, ಯಾಕೆ ಹೀಗೆ ಇಟ್ಟಿದ್ದಾರೆ ಎಂದು ಒಂದು ಮಾತು ಕೇಳಬಹುದಿತ್ತು.

ಮಾಸ್ತರರಿಗೆ ಆಗಲೇ ಹೇಳಿದೆ. ಬಹಳ ಹೊತ್ತು ನೆಲ ನೋಡಿದರು. "ಮತ್ತ ಇಳಸಾಕ ಬರತೈತೇನ್ರಿ?" ಬರುತ್ತದೆ, ಆದರೆ ಬುಡವನ್ನು ಒಮ್ಮೆ, ತುದಿಯನ್ನು ಒಮ್ಮೆ ಕೆರೆದು ತೆಳುವಾದ ಹಳೆಯ ಹಿತ್ತಾಳೆ. ಮೂರನೆಯ ಸಲ ಅರ ಹಚ್ಚಿದರೆ ನಾಲಿಗೆ ಮುರಿಯಬಹುದು, ಅಂಥ ರೀಡು ಮತ್ತೆ ಸಿಗುವುದಿಲ್ಲ. ಒಂದು ರವಿವಾರ ಇಬ್ಬರೂ ಆ ಮಂಡಳಿಗೆ ಹೋದೆವು. ಪೇಟಿ ಗುಡಿಯ ವಂತಿಗೆ ಹಣದಲ್ಲಿ ಬಂದದ್ದು, ಮಾರಲು ಹಿರಿಯರು ಒಪ್ಪಲಿಲ್ಲ. "ನೀವು ಯಾವಾಗ ಬೇಕಾದ್ರೂ ಬಂದು ಬಾರಸ್ರಿ ಮಾಸ್ತರ, ನಿಮ್ಮದ ಐತಿ ಅನ್ಕೋರಿ" ಅಂದರು. ಮಾಸ್ತರರು ಕೂತು ಕಾಳಿ 1ಕ್ಕೆ ನಾಲ್ಕು ಸ್ವರ ಬಾರಿಸಿದರು. ಗಾಂಧಾರದ ಮೇಲೆ ಬೆರಳು ಇಟ್ಟು, ಒತ್ತದೆ ತೆಗೆದರು.

ಮುಂದೆ ಏನು ಮಾಡಿದೆವು

ಹೊಸ ಪೇಟಿಯನ್ನು ಮಾರುವ ಯೋಚನೆ ಮೊದಲು ಬಂತು. ಸಿಕ್ಕ ದೊಡ್ಡ ಮಾತು 28,000. ಸಂಘದ ಸಾಲ ಇನ್ನೂ ಅರ್ಧ ಉಳಿದಿತ್ತು. ಪಾಠ ಹೇಳುವ ಪೇಟೆಯ ಮಾಸ್ತರರ ಮನೆಯಲ್ಲಿ ಇದ್ದಿದ್ದರೆ ಇದೇ ಪೇಟಿ ಒಳ್ಳೆಯ ಸೇವೆ ಮಾಡುತ್ತಿತ್ತು ಎನ್ನುವುದನ್ನು ಹೇಳಲೇಬೇಕು. ಒಬ್ಬ ಹುಡುಗ ಕಾಳಿ 1, ಒಬ್ಬಳು ಹುಡುಗಿ ಕಾಳಿ 4, ಪೇಟಿ ಕೂತ ಜಾಗದಿಂದ ಏಳುವುದಿಲ್ಲ, ಮಳೆಯ ಭಯವಿಲ್ಲ. ಅಲ್ಲಿ ಅದು ಸರಿಯಾದ ವಾದ್ಯ. ಬಸ್ಸಿನಲ್ಲಿ ತಿರುಗುವ, ಅರ್ಧ ಉಸಿರಿನಲ್ಲಿ ಬಾರಿಸುವ ಮನುಷ್ಯನಿಗೆ ಅದು ಹೊಂದಲಿಲ್ಲ.

ಕೊನೆಗೆ ನಾನು ಒಂದು ಮಾತು ಹೇಳಿದೆ: ಇದನ್ನು ಸಾದಾ ಪೇಟಿ ಮಾಡೋಣ. ಹಲಗೆಯನ್ನು ಅದರ ಸಹಜ ಸ್ಥಾನದಲ್ಲಿಟ್ಟು ಎರಡು ಕಡೆ ಸ್ಕ್ರೂ ಹಾಕಿ ಬಿಗಿದೆ. ಮೂರನೆಯ ಸಾಲಿನ ರೀಡುಗಳನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಕೊಟ್ಟೆ, ಆ ತೂತುಗಳಿಗೆ ಚರ್ಮ ಹಚ್ಚಿದೆ. ಕಡ್ಡಿಗಳ ತುದಿಗೆ ತೆಳು ಫೆಲ್ಟ್ ಇಟ್ಟು ಸಡಿಲವನ್ನು ಹಿಡಿದೆ. ಮೊದಲು ತಿದಿ ತುಂಬಿಸಿ ಮನೆ ಒತ್ತದೆ ಬಿಟ್ಟರೆ ಹನ್ನೊಂದು ಸೆಕೆಂಡಿಗೆ ಇಳಿಯುತ್ತಿತ್ತು, ಈಗ ಇಪ್ಪತ್ತನಾಲ್ಕು ಹಿಡಿಯಿತು. ಸಾಮಾನಿಗೆ 600 ರೂಪಾಯಿ ಬಿತ್ತು, ಅಷ್ಟೇ ತೆಗೆದುಕೊಂಡೆ. ತೂಕ ಸ್ವಲ್ಪ ಇಳಿಯಿತು, ಆಟೋ ತಪ್ಪಲಿಲ್ಲ.

ಗಾಂಧಾರವನ್ನು ಇಳಿಸಲೇ ಎಂದು ಕೇಳಿದೆ. ಮಾಸ್ತರರು ಎರಡು ದಿನ ಯೋಚಿಸಿ ಬೇಡ ಅಂದರು. ಇಳಿಸಿದರೆ ಕಾಳಿ 1ಕ್ಕೆ ಮಾತ್ರ ಸರಿ, ಮತ್ತೆ ಕಾಳಿ 5ರ ಸಂಜೆಯೇ ಬರುತ್ತದೆ. ಸಾಥ್ ಮಾಡುವಾಗ ಗಾಂಧಾರದ ಮೇಲೆ ನಿಲ್ಲುವುದನ್ನು ಅವರು ಬಿಟ್ಟಿದ್ದಾರೆ. ಗಾಯಕರು ಅಲ್ಲಿ ನಿಂತರೆ ಇವರು ಷಡ್ಜಕ್ಕೆ ಇಳಿದು ಜಾಗ ಬಿಟ್ಟುಕೊಡುತ್ತಾರೆ. ಬೆರಳಿನ ಸಾಲ ತೀರಿಸುವ ಕೆಲಸವೂ ಶುರುವಾಯಿತು. ಬೆಳಗ್ಗೆ ಐದಕ್ಕೆ ಎದ್ದು ವಾರಕ್ಕೊಂದು ಷಡ್ಜ, ದಿನಕ್ಕೊಂದು ರಾಗ. 52ರಲ್ಲಿ ಹುಡುಗರ ಪಾಠ. "ಹೊಲದಾಗ ಕಳೆ ತಗದಂಗ ಐತ್ರಿ, ಇವತ್ತ ತಗದದ್ದು ನಾಳೆ ಮತ್ತ ಇರತೈತಿ" ಅನ್ನುತ್ತಾರೆ. ಮನೆಯವರು ಒಂದು ದಿನ ಫೋನಿನಲ್ಲಿ ಹೇಳಿದರು, ಮಾರವಾ ಕೇಳಿ ಕೇಳಿ ಎಮ್ಮೆಗೂ ಬಾಯಿಪಾಠವಾಗಿದೆ ಎಂದು, ಸಂತೋಷದಿಂದಲೇ.

ಹೋದ ತಿಂಗಳು ಕುಂದಗೋಳದಲ್ಲಿ ಒಂದು ಕಾರ್ಯಕ್ರಮ. ಗಾಯಕಿ ಕಾಳಿ 3, ಬಾಗೇಶ್ರೀ. ರಾತ್ರಿ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದರು. ಕಾಳಿ 1ರಲ್ಲಿ ಮಧ್ಯಮ ಕಪ್ಪು ಮನೆ, ಕಾಳಿ 3ರಲ್ಲಿ ಬಿಳಿ.

"ಎಲ್ಲಾ ಛಲೋ ಆತ್ರಿ. ದ್ರುತ್‌ದಾಗ ಒಂದು ಸಲ ಮಧ್ಯಮಕ್ಕ ಹೋಗೋ ಬೆರಳು ಕಪ್ಪು ಮನಿಗೆ ಹೋಗಿ ಪಂಚಮ ಬಿತ್ತು. ಬಾಗೇಶ್ರೀಯೊಳಗ ಪಂಚಮ ಹಂಗ ಬೀಳಬಾರದು."

ಗಾಯಕಿ ಏನಂದರು ಎಂದು ಕೇಳಿದೆ.

"ಏನೂ ಅನಲಿಲ್ರಿ. ಮುಂದಿನ ಆವರ್ತನದಾಗ ಅದ ಪಂಚಮ ತಗೊಂಡು, ಸವಕಾಶ ಮಧ್ಯಮಕ್ಕ ಇಳದು ತೋರಿಸಿದ್ರು. ನಾನೂ ಹಿಂದ ಇಳದೆ."